ಅಲೆಕ್ಸಾಂಡ್ರಿಯ: ಕಾಣದ ಊರಿಗೊಂದು ಕೈಪಿಡಿ

ಪರಸ್ಥಳಕ್ಕೆ ಹೋದವನು ಅಲ್ಲಿ ನೋಡುವುದು ಇರುವುದನ್ನೋ, ಇಲ್ಲದುದನ್ನೋ? ಪ್ರವಾಸಗ್ರಂಥಗಳನ್ನು ವಿಮರ್ಶಿಸುವವರು ಮೊದಲು ಕೇಳಬೇಕಾದ ಪ್ರಶ್ನೆಯಿದು. ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್ಸ್ಟರರು 1922ರಲ್ಲಿ ಪ್ರಕಟಿಸಿದ, ಅಲೆಕ್ಸಾಂಡ್ರಿಯದ ಚರಿತ್ರೆಯೂ ಕೈಪಿಡಿಯೂ ಆಗಿರುವ ಗ್ರಂಥವು ಈ ಪ್ರಶ್ನೆಗೆ ಒಂದು ಉತ್ತರವನ್ನೂ, ಆ ಉತ್ತರದ ಕುಂದನ್ನೂ ಒಟ್ಟಿಗೇ ತೋರಿಸುವುದರಿಂದ ವಿಚಾರಾರ್ಹವಾಗಿದೆ.

ಫಾರ್ಸ್ಟರರು ಆ ಊರಿಗೆ ಹೋದುದು ವಿನೋದಾರ್ಥವಾಗಿ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಮರೆಯಾದ ಸಿಪಾಯಿಗಳ ಸುದ್ದಿಯನ್ನು, ಆಸ್ಪತ್ರೆಗಳಲ್ಲಿ ಮಲಗಿದ್ದ ಗಾಯಾಳುಗಳಿಂದ ವಿಚಾರಿಸಿ ತಿಳಿಯುವ ರೆಡ್‌ಕ್ರಾಸ್ ಕೆಲಸಕ್ಕಾಗಿ 1915ರಲ್ಲಿ ಹೋಗಿ, 1919ರ ಮೊದಲವರೆಗೆ ಅಲ್ಲಿ ನಿಂತರು. ಇಲ್ಲದವರನ್ನು ಹುಡುಕುವ ಆ ಉದ್ಯೋಗದ ರೀತಿಯೇ ಗ್ರಂಥದ ರೀತಿಯೂ ಆಯಿತೆನ್ನಬಹುದು.

ಏಕೆಂದರೆ ಅಲೆಕ್ಸಾಂಡ್ರಿಯವು ಹೆಸರಿಗೆ ದೊಡ್ಡದು, ನೋಟಕ್ಕೆ ಬಡವು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರನು ಸ್ಥಾಪಿಸಿದ ಆ ರೇವುಪಟ್ಟಣದ ಪ್ರಾಚೀನ ಗ್ರಂಥಭಂಡಾರವಿಲ್ಲ. ಟಾಲೆಮಿ ಅರಸರ ಅರಮನೆಗಳಿಲ್ಲ. ನೂರು ಮೀಟರಿಗೂ ಎತ್ತರವಾಗಿದ್ದ ಫಾರೋಸ್ ದೀಪಸ್ತಂಭವಿಲ್ಲ. ದೀಪಸ್ತಂಭವು ನಿಂತಿದ್ದ ಎಡೆಯಲ್ಲಿ ಹದಿನೈದನೆಯ ಶತಮಾನದ ಕೈತ್‌ಬೇ ಕೋಟೆಯಿದೆ. ಪಾಂಪೆಯ ಕಂಬವೆಂದು ಪ್ರಸಿದ್ಧವಾದ ಶಿಲಾಸ್ತಂಭಕ್ಕೂ ಪಾಂಪೆಗೂ ಸಂಬಂಧವೇ ಇಲ್ಲ. ಅವನು ಸತ್ತು ಮೂರು ಶತಮಾನಗಳು ಕಳೆದ ಮೇಲೆ ಡಯೊಕ್ಲೀಷಿಯನ್ ಚಕ್ರವರ್ತಿಯ ಗೌರವಾರ್ಥವಾಗಿ ಅದನ್ನು ನಿಲ್ಲಿಸಿದರು. ಇಂಥ ಊರಿನಲ್ಲಿ ಬರಿಗಣ್ಣಿನ ಯಾತ್ರಿಕನಿಗೆ ನಿರಾಶೆಯೇ ಫಲ.

ಈ ಬಡತನವನ್ನೇ ಫಾರ್ಸ್ಟರರು ಬಂಡವಾಳ ಮಾಡಿಕೊಂಡರು. ಗ್ರಂಥದ ಪೂರ್ವಾರ್ಧ ಚರಿತ್ರೆ, ಉತ್ತರಾರ್ಧ ಕೈಪಿಡಿ. ಬೀದಿಯ ಒಂದು ತಿರುವಿನಲ್ಲಿ ನಿಂತ ವಾಚಕನನ್ನು ಇಂಥ ಪುಟವನ್ನು ನೋಡೆಂದು ಚರಿತ್ರೆಗೆ ಕಳುಹಿಸುವರು. ಚರಿತ್ರೆಯನ್ನು ಓದುತ್ತಿರುವವನನ್ನು ಬೀದಿಗೆ ಎಳೆತರುವರು. ನಮ್ಮ ಸ್ಥಳಪುರಾಣಗಳು ಕಲ್ಲಿಗೆ ಕಥೆಯನ್ನು ಕಟ್ಟುತ್ತವೆ. ಈ ಗ್ರಂಥವಾದರೋ ಕಟ್ಟಿದ ಕಥೆಯನ್ನು ಬಿಡಿಸಿ, ಬಿಡಿಸಿದ ಮೇಲೂ ಮನಸ್ಸನ್ನು ಅಲ್ಲಿ ನಿಲ್ಲಿಸುತ್ತದೆ. ಎರಡು ಭಾಗಗಳ ನಡುವೆ, ಆಗ ಆಂಗ್ಲ ವಾಚಕರಿಗೆ ಬಹುಮಟ್ಟಿಗೆ ಅಪರಿಚಿತನಾಗಿದ್ದ ಕವಾಫಿ ಎಂಬ ಗ್ರೀಕ್ ಕವಿಯ ಒಂದು ಕವಿತೆಯನ್ನು ಇಟ್ಟಿರುವುದು ಔಚಿತ್ಯಪೂರ್ಣವಾಗಿದೆ. ಆಂಟೊನಿಯು ಈ ನಗರವನ್ನು ಕಳೆದುಕೊಳ್ಳುವ ಗಳಿಗೆಯೇ ಅದರ ವಸ್ತು.

ಇಷ್ಟು ಗುಣವನ್ನು ಒಪ್ಪಿದ ಮೇಲೆ ದೋಷವನ್ನು ಹೇಳದಿದ್ದರೆ ವಿಮರ್ಶೆಯಾಗದು. ಏಳನೆಯ ಶತಮಾನದ ಅರಬ್ಬರ ವಿಜಯದಿಂದ ಮೊದಲ್ಗೊಂಡು ಸಾವಿರಕ್ಕೂ ಮೇಲ್ಪಟ್ಟ ವರ್ಷಗಳು ಈ ಗ್ರಂಥದಲ್ಲಿ ಕೆಲವೇ ಪುಟಗಳಲ್ಲಿ, ಕ್ಷೀಣದಶೆಯೆಂಬ ಒಂದೇ ತೀರ್ಪಿನ ಕೆಳಗೆ ಮುಗಿದುಹೋಗುತ್ತವೆ. ಆದರೆ ಅದೇ ಅವಧಿಯಲ್ಲಿ, 1326ರಲ್ಲಿ, ಮೊರಾಕೊ ದೇಶದ ಇಬ್ನ್ ಬತೂತನು ಆ ಊರನ್ನು ಕಂಡನು. ಮುಂದೆ ನಮ್ಮ ಹೊನ್ನಾವರಕ್ಕೂ ಬಂದು, ಅಲ್ಲಿಯ ಹೆಣ್ಣುಮಕ್ಕಳ ಪಾಠಶಾಲೆಗಳನ್ನು ಮೆಚ್ಚಿ ಬರೆದ ಯಾತ್ರಿಕನೇ ಇವನು. ಅಲೆಕ್ಸಾಂಡ್ರಿಯದ ಬಂದರಿಗೆ ಸಮನಾದವುಗಳೆಂದು ಅವನು ಎಣಿಸಿದುದು ಕೊಲ್ಲಂ, ಕಲ್ಲಿಕೋಟೆ ಮೊದಲಾದ ಬೆರಳೆಣಿಕೆಯ ರೇವುಗಳನ್ನು ಮಾತ್ರ. ದೀಪಸ್ತಂಭದ ಒಂದು ಮಗ್ಗುಲು ಕುಸಿದಿದ್ದುದನ್ನು ಅವನೂ ಕಂಡನು. 1349ರಲ್ಲಿ ಮತ್ತೆ ಬಂದಾಗ ಅದರ ಒಳಕ್ಕೆ ಹೋಗಲೂ ಸಾಧ್ಯವಿರಲಿಲ್ಲವೆಂದು ಬರೆದನು. ಅವನಿಗೆ ದೀಪಸ್ತಂಭವು ಹಾಳು, ರೇವು ಜೀವಂತ. ಫಾರ್ಸ್ಟರರ ಒಲವು ಹಾಳಿನ ಕಡೆಗೇ ಹೆಚ್ಚು.

ಇದು ಅಜ್ಞಾನದ ಫಲವಲ್ಲವೆಂಬುದೇ ಶೋಚನೀಯ. ಈಜಿಪ್ಟಿನಲ್ಲಿ ಬ್ರಿಟಿಷರ ಆಡಳಿತದ ಅನ್ಯಾಯವನ್ನು ಕುರಿತು 1920ರಲ್ಲಿ ಫಾರ್ಸ್ಟರರೇ ಬರೆದಿದ್ದರು. ಟ್ರ್ಯಾಮ್ ಬಂಡಿಯ ಕಂಡಕ್ಟರನಾಗಿದ್ದ ಮೊಹಮ್ಮದ್ ಎಲ್ ಅದ್ಲ್ ಎಂಬ ತರುಣನು ಅವರ ಪ್ರಾಣಪ್ರಿಯನಾಗಿದ್ದನು. ಕ್ಷಯರೋಗದಿಂದ 1922ರಲ್ಲಿ, ಗ್ರಂಥವು ಹೊರಬೀಳುವ ಮೊದಲೇ, ತೀರಿಕೊಂಡನು. ಕೈಪಿಡಿಯು ವಾಚಕನನ್ನು ಟ್ರ್ಯಾಮ್ ಬಂಡಿಗೆ ಹತ್ತಿಸುತ್ತದೆ. ಚೀಟಿ ಕೊಡುವವನ ಮುಖವನ್ನು ಮಾತ್ರ ತೋರಿಸುವುದಿಲ್ಲ. ಎರಡು ಸಾವಿರ ವರ್ಷಗಳ ಹಿಂದಿನವರನ್ನು ಎಬ್ಬಿಸಿ ಮಾತನಾಡಿಸಿದ ಲೇಖನಿ, ಎದುರಿಗಿದ್ದವನ ವಿಷಯದಲ್ಲಿ ಮೂಕವಾಯಿತು. ಕಾಲಧರ್ಮವೂ ಸಂಕೋಚವೂ ಇದಕ್ಕೆ ಕಾರಣವಾಗಿರಬಹುದು. ಆದರೂ ಕೊರತೆ ಕೊರತೆಯೇ.

ಗ್ರಂಥದ ಗತಿಯೂ ಅದರ ವಸ್ತುವಿನಂತೆಯೇ ಆಯಿತು. ಪ್ರತಿಗಳು ಬೆಂಕಿಯಲ್ಲಿ ಸುಟ್ಟುಹೋದುವೆಂದು ಪ್ರಕಾಶಕರು ಪರಿಹಾರದ ಹಣ ಕೊಟ್ಟರು. ಆಮೇಲೆ ಉಳಿದ ಪ್ರತಿಗಳು ನೆಲಮಾಳಿಗೆಯಲ್ಲಿ ಸಿಕ್ಕಲು, ಲೆಕ್ಕ ಸರಿಹೋಗಲೆಂದು ಅವನ್ನು ತಾವೇ ಸುಟ್ಟರು. ಎರಡನೆಯ ಮುದ್ರಣವಾದುದು 1938ರಲ್ಲಿ. 1956ರ ಸೂಯೆಜ್ ಯುದ್ಧದ ತರುವಾಯ ಗ್ರೀಕರು, ಇಟಾಲಿಯನರು, ಯೆಹೂದ್ಯರು ಬಹುಸಂಖ್ಯೆಯಲ್ಲಿ ಊರು ಬಿಟ್ಟರು. ಬೀದಿಗಳ ಹೆಸರುಗಳು ಬದಲಾದುವು. 2002ರಲ್ಲಿ ಕಡಲತಡಿಯಲ್ಲಿ ಹೊಸ ಗ್ರಂಥಭಂಡಾರವು ತೆರೆಯಿತು. ಈಗ ಈ ಕೈಪಿಡಿಯನ್ನು ಹಿಡಿದು ಹೋಗುವವನಿಗೆ ಟಾಲೆಮಿಯ ಊರಿನೊಡನೆ ಫಾರ್ಸ್ಟರರ ಊರೂ ಕಾಣದವುಗಳ ಸಾಲಿಗೆ ಸೇರಿದೆ. ಅವರು ಕಲಿಸಿದ ವಿದ್ಯೆಯಿಂದ ಆ ಎರಡನ್ನೂ ಅವನು ಮನಸ್ಸಿನಲ್ಲಿ ಕಂಡುಕೊಳ್ಳಬಲ್ಲನು. ಅವರು ಕಲಿಸದೆ ಬಿಟ್ಟುದನ್ನು, ಎಂದರೆ ಪಕ್ಕದ ಪೀಠದಲ್ಲಿ ಕುಳಿತವನ ಮುಖವನ್ನು ನೋಡಿ ಕುಶಲ ಕೇಳುವುದನ್ನು, ಅವನು ತಾನಾಗಿಯೇ ಕಲಿಯಬೇಕು.