‘ಅಲೈವ್’: ಶಾಪ ಕಳೆದವರು ಕೇಳುಗರು

ಕಷ್ಟವನ್ನು ಗೆದ್ದೆನೆಂದು ಸಾರುವ ರಾಕ್ ಹಾಡುಗಳಿಗೆ ಬರವಿಲ್ಲ. ಹೆಚ್ಚಿನವು ಮೊದಲ ಚರಣದಲ್ಲಿ ಅತ್ತು, ಕೊನೆಯ ಪಲ್ಲವಿಯ ಹೊತ್ತಿಗೆ ಗೆದ್ದುಬಿಡುತ್ತವೆ. ಪರ್ಲ್ ಜಾಮ್ ತಂಡದ ‘ಅಲೈವ್’ ಹಾಗಲ್ಲ. 1991ರ ‘ಟೆನ್’ ಆಲ್ಬಮ್‌ನಲ್ಲಿರುವ ಈ ಹಾಡಿನ ಕಥೆಯಲ್ಲಿ ಗೆಲುವೇ ಇಲ್ಲ. ಅದು ಬಂದದ್ದು ಆಮೇಲೆ, ವರ್ಷಗಟ್ಟಲೆ ಜನರ ಮುಂದೆ ಹಾಡಿದ ಮೇಲೆ. ನೋವನ್ನು ಎದುರಿಸಿ ಬೆಳೆಯುವುದೆಂದರೆ ಏನೆಂದು ಈ ಹಾಡಿನಷ್ಟು ಪ್ರಾಮಾಣಿಕವಾಗಿ ತೋರಿಸಿದ್ದು ಅಪರೂಪ ಎನ್ನಲು ನನಗಿರುವ ಕಾರಣವೂ ಅದೇ.

ಹಾಡಿನ ಬೇರಿನಲ್ಲಿ ಎರಡು ಸಾವುಗಳಿವೆ. 1990ರ ಮಾರ್ಚ್‌ನಲ್ಲಿ ಗಾಯಕ ಆಂಡ್ರ್ಯೂ ವುಡ್ ಹೆರಾಯಿನ್‌ಗೆ ಬಲಿಯಾಗಿ, ಸಿಯಾಟಲ್‌ನ ‘ಮದರ್ ಲವ್ ಬೋನ್’ ತಂಡ ಒಡೆಯಿತು. ಅದರ ಗಿಟಾರ್ ವಾದಕ ಸ್ಟೋನ್ ಗೊಸಾರ್ಡ್ ಸಿದ್ಧಪಡಿಸಿದ್ದ, ಮಾತಿಲ್ಲದ ರಾಗಗಳ ಟೇಪು ಸ್ಯಾನ್ ಡಿಯಾಗೊದಲ್ಲಿದ್ದ, ಮುಂದೆ ಪರ್ಲ್ ಜಾಮ್‌ನ ಗಾಯಕರಾದ ಎಡ್ಡಿ ವೆಡರ್ ಅವರ ಕೈಸೇರಿತು. ವೆಡರ್ ಅದಕ್ಕೆ ತಮ್ಮದೇ ಗಾಯವನ್ನು ಬರೆದರು: ಅಪ್ಪನೆಂದು ನಂಬಿದವರು ಮಲತಂದೆ, ಹೆತ್ತ ತಂದೆ ಆಗಲೇ ತೀರಿಕೊಂಡಿದ್ದಾರೆ ಎಂಬ ಸತ್ಯ ಹದಿಹರೆಯದಲ್ಲಿ ತಿಳಿದ ಗಾಯ. ಅದಕ್ಕೆ ಕಲ್ಪನೆಯನ್ನೂ ಬೆರೆಸಿದರು. ಹಾಡಿನ ಹುಡುಗನ ಕಥೆ ಮುಂದೆ ‘ಒನ್ಸ್’ ಹಾಡಿನಲ್ಲಿ ಕೊಲೆಗೂ ‘ಫುಟ್‌ಸ್ಟೆಪ್ಸ್’ ಹಾಡಿನಲ್ಲಿ ಸೆರೆಮನೆಗೂ ಸಾಗುತ್ತದೆ. ಅಂಥ ಹುಡುಗನಿಗೆ ಬದುಕಿ ಉಳಿದದ್ದು ಹೆಮ್ಮೆಯಲ್ಲ, ಹೊರೆ. ವೆಡರ್ ಕೂಡ ‘ನಾನಿನ್ನೂ ಬದುಕಿದ್ದೇನೆ’ ಎಂಬ ಪಲ್ಲವಿಯನ್ನು ಶಾಪವೆಂದೇ ಭಾವಿಸಿದ್ದರು. ಸಾವಿರಾರು ಮಂದಿ ಅದನ್ನೇ ಸಂಭ್ರಮದಿಂದ ಕೂಗಿ ಕೂಗಿ ಆ ಶಾಪ ಕಳೆದರೆಂದು 2006ರ ಟಿವಿ ಕಾರ್ಯಕ್ರಮವೊಂದರಲ್ಲಿ ಅವರೇ ಹೇಳಿದರು.

ಜನ ಕಥೆಯ ಕತ್ತಲನ್ನು ಬಿಟ್ಟು ಪಲ್ಲವಿಯನ್ನಷ್ಟೇ ಹಿಡಿದರು, ಹಾಡನ್ನು ತಪ್ಪಾಗಿ ಕೇಳಿದರು ಎಂಬ ಆಕ್ಷೇಪವಿದೆ. ಆದರೆ ಸಂಗೀತವೇ ಜನರ ಪರ ಸಾಕ್ಷಿ ನುಡಿಯುತ್ತದೆ. ಮಾತು ಮುಗಿದ ಮೇಲೆ ತಂಡದ ಮೈಕ್ ಮೆಕ್‌ಕ್ರೆಡಿ ಅವರ ಗಿಟಾರ್ ಸುಮಾರು ಎರಡು ನಿಮಿಷ ಏರುತ್ತಲೇ ಹೋಗುತ್ತದೆ. ಕಥೆ ಕೊಡದ ಬಿಡುಗಡೆಯನ್ನು ಅದು ಕೊಡುತ್ತದೆ. ಆ ಸೋಲೊಗೆ ಮಾದರಿ ‘ಕಿಸ್’ ತಂಡದ ‘ಶೀ’ ಹಾಡಿನ ಏಸ್ ಫ್ರೇಲಿ ವಾದನ. ಅದರ ಮೂಲ ‘ಡೋರ್ಸ್’ ತಂಡದ ರಾಬಿ ಕ್ರೀಗರ್ ಅವರಲ್ಲಿದೆ. ಹೀಗೆ ನೋವು ಒಬ್ಬನದಾದರೂ ಅದರಿಂದ ಹೊರಬರುವ ದಾರಿ ಹಿಂದಿನ ವಾದಕರಿಂದಲೂ ಮುಂದಿನ ಕೇಳುಗರಿಂದಲೂ ಬಂತು.

ಜನಸಂದಣಿಯ ಉನ್ಮಾದವನ್ನು ಬೆಳವಣಿಗೆ ಎನ್ನಬಹುದೇ ಎಂಬ ಪ್ರಶ್ನೆ ಆ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಉತ್ತರ ಸಿಕ್ಕಿದ್ದು ದುರಂತದಲ್ಲಿ. 2000ರ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡ ಉತ್ಸವದಲ್ಲಿ, ಪರ್ಲ್ ಜಾಮ್ ಹಾಡುತ್ತಿದ್ದಾಗಲೇ, ನೂಕುನುಗ್ಗಲಿಗೆ ಸಿಕ್ಕಿ ಒಂಬತ್ತು ಮಂದಿ ಸತ್ತರು. ಆಮೇಲೆ ತಂಡ ‘ಅಲೈವ್’ ಹಾಡುವುದನ್ನೇ ನಿಲ್ಲಿಸಿತು. ನವೆಂಬರ್ 6ರಂದು, ಪ್ರವಾಸದ ಕೊನೆಯ ಕಛೇರಿಯಲ್ಲಿ, ತವರಾದ ಸಿಯಾಟಲ್‌ನಲ್ಲಿ ಮತ್ತೆ ಹಾಡಿತು. ಬರಿಯ ಉನ್ಮಾದದ ಹಾಡಾಗಿದ್ದರೆ ಅಷ್ಟು ತಿಂಗಳು ಗಂಟಲಲ್ಲೇ ಉಳಿಯುತ್ತಿರಲಿಲ್ಲ. ಬೆಳೆಯುವುದೆಂದರೆ ಗಾಯ ಮಾಯುವುದಲ್ಲ, ಅದೇ ಮಾತನ್ನು ಪ್ರತಿ ಸಲವೂ ಹೊಸದಾಗಿ ಹೇಳುವ ಅರ್ಹತೆ ಗಳಿಸುವುದು. ಆ ಅರ್ಹತೆಯನ್ನು ಒಬ್ಬಂಟಿಯಾಗಿ ಗಳಿಸಬೇಕಿಲ್ಲ ಎನ್ನುವುದೇ ‘ಅಲೈವ್’ ನಮಗೆ ಕೊಡುವ ಧೈರ್ಯ.