ಅಡವು ಮೊದಲೋ, ಉಳಿಸಿದವನ ಹಕ್ಕು ಮೊದಲೋ? — ಮಿತಾಕ್ಷರೆಯ ಋಣವಿಚಾರದ ಒಂದು ವಿಮರ್ಶೆ

ಹುನಗುಂದ–ಇಳಕಲ್ ಸೀಮೆಯ ಐಹೊಳೆಯು ದೇವಾಲಯಗಳಿಗೆ ಮಾತ್ರವಲ್ಲದೆ ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕಸಂಘಕ್ಕೆ ಹೆಸರನ್ನಿತ್ತುದಕ್ಕಾಗಿಯೂ ಪ್ರಸಿದ್ಧವಾಗಿದೆ. ಐನೂರ್ವರ ವ್ಯವಹಾರವು ಕಡಲಾಚೆಗೂ ಹಬ್ಬಿತ್ತೆಂಬುದಕ್ಕೆ ಸುಮಾತ್ರಾದ ಬಾರೂಸಿನಲ್ಲಿ ದೊರೆತ ಕ್ರಿ. ಶ. 1088ರ ತಮಿಳು ಶಾಸನವು ಸಾಕ್ಷಿ. ಆಗ ಕಲ್ಯಾಣದಲ್ಲಿ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯನು (1076–1126). ಅವನ ಆಶ್ರಯದಲ್ಲಿಯೇ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ರಚಿಸಿದನು. ಆದಕಾರಣ ಹಡಗಿನ ಸಾಲದ ವಿಷಯದಲ್ಲಿ ಈ ಗ್ರಂಥದ ಅಭಿಪ್ರಾಯವನ್ನು ವಿಚಾರಿಸುವುದು ಅಪ್ರಸ್ತುತವಲ್ಲ.

ಇಂದಿನ ನ್ಯಾಯವನ್ನು ಮೊದಲು ನೋಡೋಣ. ಕರ್ನಾಟಕದ ಹೈಕೋರ್ಟಿಗೂ ನೌಕಾನ್ಯಾಯದ ಅಧಿಕಾರವನ್ನಿತ್ತ 2017ರ ಕಾಯಿದೆಯ ಮೇರೆಗೆ, ಹಡಗು ಹರಾಜಾದರೆ ‘ಮ್ಯಾರಿಟೈಮ್ ಲೀನ್’ ಉಳ್ಳವರು ಮೊದಲು, ನೋಂದಾಯಿತ ಅಡವುದಾರರು ಅನಂತರ. ಈ ಲೀನ್ ಎಂಬುದು ಪತ್ರವಿಲ್ಲದೆ ಹಡಗಿಗೇ ಅಂಟಿಕೊಳ್ಳುವ ಹಕ್ಕು. ಒಡೆಯನು ಬದಲಾದರೂ ಹಡಗನ್ನು ಬಿಡದು. ನಾವಿಕರ ಸಂಬಳವು ಇದರಲ್ಲಿ ಅಗ್ರಸ್ಥಾನವುಳ್ಳದ್ದು. ಅಪಾಯದಿಂದ ಹಡಗನ್ನು ಪಾರುಮಾಡಿದವರು ಅನೇಕರಾದರೆ ಕಡೆಯವನ ಹಕ್ಕೇ ಮೊದಲು. ಅವನು ಉಳಿಸದಿದ್ದರೆ ಹಿಂದಿನವರಿಗೆ ಉಳಿಯುವುದೇನು?

ಸ್ಮೃತಿಯ ನಿಯಮವು ಇದಕ್ಕೆ ವಿರುದ್ಧವೆಂದು ತೋರುತ್ತದೆ. ಆಧಿ, ದಾನ, ಕ್ರಯ—ಈ ಮೂರರಲ್ಲಿ ಹಿಂದಿನದೇ ಬಲವತ್ತರ. ಉಳಿದ ವ್ಯವಹಾರಗಳಲ್ಲಿ ಮುಂದಿನದು. ಕಡಲ ಪ್ರಯಾಣಿಕನ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಇಪ್ಪತ್ತು ಬಡ್ಡಿಯನ್ನು ವಿಧಿಸಿ ಸ್ಮೃತಿಯು ಸಾಲಿಗನ ಅಪಾಯವನ್ನು ಗಣಿಸಿತು. ಸಂಬಳವನ್ನಾದರೋ ಒಡೆಯನ ಮೇಲೆ ಹೊರಿಸಿತೇ ಹೊರತು ಹಡಗಿನ ಮೇಲೆ ಹೊರಿಸಲಿಲ್ಲ. ಒಡೆಯನು ದೇಶಾಂತರದವನಾದರೆ ನಾವಿಕನ ಗತಿಯೇನು? ಪ್ರಾಚೀನ ನ್ಯಾಯದ ನಿಜವಾದ ನ್ಯೂನತೆಯು ಇಲ್ಲಿದೆ.

ಆದರೆ ಋಣಪ್ರಕರಣವೊಂದನ್ನೇ ಓದಿ ತೀರ್ಪು ಹೇಳುವುದು ಸಾಧುವಲ್ಲ. ಕೂಡಿ ವ್ಯಾಪಾರ ಮಾಡುವವರ ಪ್ರಕರಣದಲ್ಲಿ, ವಿಪತ್ತಿನಿಂದ ಸರಕನ್ನು ಕಾಪಾಡಿದವನಿಗೆ ಅದರ ಹತ್ತನೆಯ ಒಂದು ಪಾಲು ಸಲ್ಲಬೇಕೆಂದು ಯಾಜ್ಞವಲ್ಕ್ಯನು ವಿಧಿಸಿದ್ದಾನೆ. ಉಳಿಸಿದವನ ಪ್ರತಿಫಲವು ಉಳಿದ ವಸ್ತುವಿನಿಂದಲೇ ಸಲ್ಲಬೇಕೆಂಬ ತತ್ತ್ವವು ಇಲ್ಲಿ ಸ್ಪಷ್ಟ. ಇಷ್ಟರಿಂದ ಲೀನಿನ ಮೂಲವು ನಮ್ಮಲ್ಲಿತ್ತೆಂದು ಹೆಮ್ಮೆಪಡುವುದು ಮಾತ್ರ ಅತಿಯಾದೀತು: ಈ ಪಾಲು ಪಾಲುದಾರನಿಗೆ ಹೇಳಿದ್ದು, ಪರಕೀಯನಿಗಲ್ಲ, ಆಧಿಯುಳ್ಳವನಿಗೂ ಕಾಪಾಡಿದವನಿಗೂ ವಿವಾದವುಂಟಾದರೆ ಯಾರು ಮೊದಲೆಂಬ ಮಾತು ಆ ವಿಧಿಯಲ್ಲಿಲ್ಲ.

ಸಾಮ್ಯವು ತತ್ತ್ವದಲ್ಲಿದೆ, ವಂಶದಲ್ಲಿಲ್ಲ. ಕಾಲವನ್ನು ನೋಡುವವನು ಹಿಂದಿನ ಅಡವನ್ನು ಗೆಲ್ಲಿಸುವನು. ವಸ್ತುವು ಯಾರಿಂದ ಉಳಿಯಿತೆಂದು ನೋಡುವವನು ನಾವಿಕನನ್ನೂ ರಕ್ಷಕನನ್ನೂ ಗೆಲ್ಲಿಸುವನು. ಸ್ಮೃತಿಕಾರನು ಎರಡನ್ನೂ ಬಲ್ಲನು. ಎರಡನ್ನೂ ಎದುರುಬದುರು ನಿಲ್ಲಿಸಿ ತೂಗಲಿಲ್ಲವಷ್ಟೆ. ಮಿತಾಕ್ಷರೆಯನ್ನು ಬೋಧಿಸುವವರು ಈ ಎರಡು ಪ್ರಕರಣಗಳನ್ನು ಜೊತೆಯಾಗಿ ಓದಿಸಬೇಕೆಂಬುದು ನಮ್ಮ ವಿಜ್ಞಾಪನೆ.