ಕರ್ನೆಲಿನ ರಚನೆಯಲ್ಲಿ ಹ್ಯಾಸ್ಕೆಲ್ ಭಾಷೆ: ಒಂದು ವಿಮರ್ಶೆ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಭಾಷೆ ಯಂತ್ರದ ಒಳರಚನೆಯನ್ನು ಅನುಸರಿಸಬೇಕೋ ಗಣಿತದ ನಿಯಮಗಳನ್ನು ಅನುಸರಿಸಬೇಕೋ ಎಂಬ ವಿವಾದ ಇಂದು ನಿನ್ನೆಯದಲ್ಲ. ಫೋರ್ಟ್ರಾನ್ ಭಾಷೆಯನ್ನು ನಿರ್ಮಿಸಿದ ತಂಡದ ನಾಯಕರಾದ ಜಾನ್ ಬ್ಯಾಕಸ್ ಅವರೇ ೧೯೭೭ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ, ರೂಢಿಯ ಭಾಷೆಗಳೆಲ್ಲ ಯಂತ್ರದ ಬಂಧನದಲ್ಲಿವೆಯೆಂದು ಆಕ್ಷೇಪಿಸಿ ಫಂಕ್ಷನಲ್ ಭಾಷೆಗಳ ಪಕ್ಷವನ್ನು ವಹಿಸಿದರು. ರೂಢಿಯ ಭಾಷೆಯಲ್ಲಿ ಒಂದು ಹೆಸರು ಪೆಟ್ಟಿಗೆಯಿದ್ದಂತೆ. ಅದರೊಳಗಿನ ವಸ್ತುವನ್ನು ಯಾರು ಯಾವಾಗ ಬದಲಿಸಿದರೆಂಬುದನ್ನು ಓದುವವನು ಹುಡುಕಿಕೊಂಡು ಹೋಗಬೇಕು. ಫಂಕ್ಷನಲ್ ಭಾಷೆಯಲ್ಲಾದರೋ ಹೆಸರಿಗೆ ಒಮ್ಮೆ ಕೊಟ್ಟ ಬೆಲೆ ಬದಲಾಗದು. ಒಂದೇ ಪ್ರಶ್ನೆಗೆ ಎಂದೆಂದಿಗೂ ಒಂದೇ ಉತ್ತರ. ೧೯೯೦ರಲ್ಲಿ ಪ್ರಕಟವಾದ ಹ್ಯಾಸ್ಕೆಲ್ ಈ ಮತದ ಮಡಿವಂತ ಭಾಷೆ.

ಇಂಥ ಭಾಷೆಯಲ್ಲಿ ಕರ್ನೆಲನ್ನು ಬರೆಯಬಹುದೆ? ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು. ಪ್ರೋಗ್ರಾಮುಗಳಿಗೆ ಮೆಮೊರಿಯನ್ನು ಹಂಚುವುದು, ಒಂದರ ಪಾಲಿಗೆ ಇನ್ನೊಂದು ಕೈಹಾಕದಂತೆ ಕಾಯುವುದು, ಹೊರಗಿನ ಸಾಧನಗಳ ಕರೆಗೆ ಓಗೊಡುವುದು ಅದರ ಕೆಲಸ. ಯೂನಿಕ್ಸ್ ಕರ್ನೆಲ್ ೧೯೭೩ರಲ್ಲಿ ಸಿ ಭಾಷೆಗೆ ತಿರುಗಿದಂದಿನಿಂದ ಈ ಕ್ಷೇತ್ರದಲ್ಲಿ ಸಿ ಭಾಷೆಯದೇ ಆಳ್ವಿಕೆ. ಆ ಭಾಷೆ ಮೆಮೊರಿಯ ಯಾವ ಮೂಲೆಯನ್ನಾದರೂ ಮುಟ್ಟಲು ಅನುಮತಿ ನೀಡುತ್ತದೆ. ಅಲ್ಲಿ ಆದ ಒಂದು ಕೈತಪ್ಪು ಇಡೀ ಯಂತ್ರದ ಭದ್ರತೆಯನ್ನು ಕೆಡಿಸಬಲ್ಲದು. ಆದುದರಿಂದ ಪ್ರಶ್ನೆ ಕೇವಲ ಭಾಷಾರುಚಿಗೆ ಸಂಬಂಧಿಸಿದುದಲ್ಲ. ಜನರ ಹಣ, ಪ್ರಾಣ, ಗುಟ್ಟು ಮೂರೂ ಯಂತ್ರಗಳ ವಶದಲ್ಲಿರುವಾಗ, ಆ ಯಂತ್ರದ ತಳದಲ್ಲಿ ಯಾರ ಮಾತನ್ನು ನಂಬಬೇಕೆಂಬುದೇ ಇಲ್ಲಿನ ಮೂಲಪ್ರಶ್ನೆ.

ಈ ದಿಸೆಯಲ್ಲಿ ನಡೆದ ಪ್ರಯೋಗಗಳಲ್ಲಿ ಎರಡು ವಿಶೇಷವಾಗಿ ವಿಚಾರಾರ್ಹವಾಗಿವೆ. ಮೊದಲನೆಯದು ಅಮೆರಿಕದ ಆರೆಗಾನ್ ಪ್ರಾಂತದ ವಿದ್ವಾಂಸರಾದ ಥಾಮಸ್ ಹಾಲ್‌ಗ್ರೆನ್, ಮಾರ್ಕ್ ಜೋನ್ಸ್, ರೆಬೆಕಾ ಲೆಸ್ಲಿ, ಆಂಡ್ರ್ಯೂ ಟೋಲ್ಮಾಕ್ ಎಂಬ ನಾಲ್ವರು ೨೦೦೫ರಲ್ಲಿ ವಿವರಿಸಿದ 'ಹೌಸ್'. ಇದು ಬರಿಯ ಪಿ.ಸಿ. ಯಂತ್ರದ ಮೇಲೆ, ಅಡಿಯಲ್ಲಿ ಬೇರೆ ಆಪರೇಟಿಂಗ್ ಸಿಸ್ಟಮ್ ಇಲ್ಲದೆ ನಡೆಯಿತು. ಸಾಧನಗಳ ಚಾಲಕಗಳು, ಕಿಟಕಿಗಳ ವ್ಯವಸ್ಥೆ, ಜಾಲಸಂಪರ್ಕ ಇವೆಲ್ಲ ಹ್ಯಾಸ್ಕೆಲಿನಲ್ಲಿಯೇ ಬರೆಯಲ್ಪಟ್ಟವು. ಯಂತ್ರವನ್ನು ಮುಟ್ಟುವ ಕಾರ್ಯಗಳನ್ನೆಲ್ಲ 'ಎಚ್' ಎಂಬ ಒಂದೇ ಆವರಣದೊಳಗೆ ಕೂಡಿಸಿಟ್ಟು, ಆ ಆವರಣ ಪಾಲಿಸಬೇಕಾದ ನಿಯಮಗಳನ್ನು ತರ್ಕದ ಭಾಷೆಯಲ್ಲಿ ನಿರೂಪಿಸಿದುದು ಇವರ ಹಿರಿಮೆ. ಮೆಮೊರಿಯ ಒಂದು ಪುಟದಲ್ಲಿ ಬರೆದದ್ದು ಸಂಬಂಧವಿಲ್ಲದ ಇನ್ನೊಂದು ಪುಟವನ್ನು ಮುಟ್ಟಕೂಡದು ಎಂಬಂಥವು ಆ ನಿಯಮಗಳು. ಸಿ ಭಾಷೆಯ ಕರ್ನೆಲಿನಲ್ಲಿ ಬರೆದವನ ಮನಸ್ಸಿನಲ್ಲಷ್ಟೇ ಉಳಿಯುವ ಇಂಥ ಕರಾರುಗಳು ಇಲ್ಲಿ ಕಾಗದದ ಮೇಲೆ ಬಂದವು.

ಆದರೆ ನಿಯಮವನ್ನು ಬರೆಯುವುದು ಬೇರೆ, ಅದು ಪಾಲಿತವಾಗುತ್ತಿದೆ ಎಂದು ಸಾಧಿಸುವುದು ಬೇರೆ. ಹ್ಯಾಸ್ಕೆಲ್ ತಾನಾಗಿ ಯಂತ್ರದ ಮೇಲೆ ನಿಲ್ಲಲಾರದು. ಅದರಡಿಯಲ್ಲಿ ರನ್‌ಟೈಮ್ ಎಂಬ ಸಹಾಯಕ ಪ್ರೋಗ್ರಾಮೂ, ಬಳಸಿಬಿಟ್ಟ ಮೆಮೊರಿಯನ್ನು ಗುಡಿಸಿ ತರುವ ಗಾರ್ಬೇಜ್ ಕಲೆಕ್ಟರೂ ಇರಬೇಕು. ಹೌಸ್ ಅವಲಂಬಿಸಿದ ರನ್‌ಟೈಮ್ ಬಹುಮಟ್ಟಿಗೆ ಸಿ ಭಾಷೆಯಲ್ಲಿಯೇ ರಚಿತವಾದದ್ದು. ಬಾವಿಯ ನೀರು ಮಡಿಯದ್ದಾದರೂ ಬಾವಿ ತೋಡುವವರ ಮೈಗೆ ಮಣ್ಣು ತಾಗದೆ ಇರದು. ಹೌಸಿನಲ್ಲಿ ಸಿ ಭಾಷೆ ತೊಲಗಲಿಲ್ಲ, ಒಂದು ಅಂತಸ್ತು ಕೆಳಗಿಳಿಯಿತು. ಮೇಲಿನ ಅಂತಸ್ತಿನ ಶುದ್ಧಿಯನ್ನು ಕೊಂಡಾಡುವವರು ಈ ಕೆಳಗಿನ ಅಂತಸ್ತಿನ ಹೊಣೆ ಯಾರದೆಂದು ಹೇಳದೆ ಮುಂದೆ ಸಾಗುವುದು ಉಚಿತವಲ್ಲ.

ಎರಡನೆಯ ಪ್ರಯೋಗ ಈ ಹೊಣೆಯ ಪ್ರಶ್ನೆಯನ್ನೇ ಕೇಂದ್ರದಲ್ಲಿರಿಸಿಕೊಂಡಿತು. ಆಸ್ಟ್ರೇಲಿಯದ ನಿಕ್ಟಾ ಸಂಸ್ಥೆಯಲ್ಲಿ ಗೆರ್ವಿನ್ ಕ್ಲೈನ್, ಕೆವಿನ್ ಎಲ್ಫಿನ್‌ಸ್ಟನ್, ಗೆರ್ನೋಟ್ ಹೈಸರ್ ಮೊದಲಾದವರು ರಚಿಸಿ ೨೦೦೯ರಲ್ಲಿ ಪ್ರಕಟಿಸಿದ 'ಸೆಲ್-೪' ಕರ್ನೆಲಿಗೆ ಮೂರು ಪಾಠಗಳುಂಟು. ಕರ್ನೆಲ್ ಏನು ಮಾಡಬೇಕೆಂಬುದು ಸೂತ್ರದಂತಿರುವ ಮೊದಲ ಪಾಠ. ಹೇಗೆ ಮಾಡಬೇಕೆಂಬುದು ವೃತ್ತಿಯಂತಿರುವ ಎರಡನೆಯ ಪಾಠ. ಯಂತ್ರದ ಮೇಲೆ ನಡೆಯುವುದು ಸಿ ಭಾಷೆಯ ಮೂರನೆಯ ಪಾಠ. ನಡುವಿನ ವೃತ್ತಿ ಹ್ಯಾಸ್ಕೆಲಿನಲ್ಲಿದೆ. ಯಂತ್ರದ ಅನುಕರಣೆ ಮಾಡುವ ಪ್ರೋಗ್ರಾಮಿನೊಡನೆ ಜೋಡಿಸಿ ಅದನ್ನು ನಡೆಸಿ ನೋಡಿದರು, ತಿದ್ದಿದರು. ಬಳಿಕ ಕೈಯಿಂದ ಸಿ ಭಾಷೆಗೆ ಇಳಿಸಿದರು. ಇಳಿಸುವ ಕೆಲಸಕ್ಕೆ ತಗುಲಿದುದು ಒಬ್ಬನ ಎರಡು ತಿಂಗಳ ದುಡಿಮೆಯಷ್ಟೆ. ಮೂರೂ ಪಾಠಗಳು ಒಂದಕ್ಕೊಂದು ವಿರೋಧಿಸುವುದಿಲ್ಲವೆಂಬುದನ್ನು ಇಸಬೆಲ್ ಎಂಬ ಸಾಧನದ ನೆರವಿನಿಂದ ಗಣಿತರೀತ್ಯಾ ಸಾಧಿಸಿದರು. ಸಿ ಭಾಷೆಯ ಸುಮಾರು ೮,೭೦೦ ಸಾಲುಗಳಿಗೆ ಸುಮಾರು ೨,೦೦,೦೦೦ ಸಾಲುಗಳ ಸಾಧನೆ!

ಹ್ಯಾಸ್ಕೆಲ್ ಪಾಠ ಕೈಯಲ್ಲಿದ್ದೂ ಅದನ್ನೇ ಯಂತ್ರದ ಮೇಲೆ ನಡೆಸಲಿಲ್ಲವೇಕೆ? ಗ್ರಂಥಕರ್ತರು ಕೊಡುವ ಕಾರಣಗಳು ಸ್ಪಷ್ಟವಾಗಿವೆ. ಹ್ಯಾಸ್ಕೆಲಿನ ರನ್‌ಟೈಮ್ ಕರ್ನೆಲಿಗಿಂತ ಬಹಳ ದೊಡ್ಡದು. ಅದನ್ನು ಸಾಧಿಸಿ ತೋರಿಸುವುದು ಕಷ್ಟ. ಗಾರ್ಬೇಜ್ ಕಲೆಕ್ಟರಿನ ಮೇಲೆ ನಿಂತ ವ್ಯವಸ್ಥೆ ಕಾಲನಿಯಮದ ಕಟ್ಟುಪಾಡಿಗೆ ಒಗ್ಗದು. ಇವೆರಡನ್ನೂ ಒಪ್ಪಬೇಕು. ಆದರೆ ಇವುಗಳ ಹಿಂದೆ ಇನ್ನೂ ಆಳವಾದ ಕಾರಣವೊಂದಿದೆ. ಲೆಕ್ಕ ಬರೆಯುವ ಗುಮಾಸ್ತನಿಗೆ ನಗದು ಯಾವ ಕಪಾಟಿನಲ್ಲಿದೆಯೆಂಬ ಚಿಂತೆ ಬೇಡ. ಖಜಾನೆಯ ಅಧಿಕಾರಿಗೆ ಆ ಚಿಂತೆಯೇ ಉದ್ಯೋಗ. ಸಾಮಾನ್ಯ ಪ್ರೋಗ್ರಾಮಿಗೆ ಮೆಮೊರಿ ಒಂದು ಉಪಕರಣ. ಕರ್ನೆಲಿಗೆ ಅದೇ ವಿಷಯವಸ್ತು. ಸೆಲ್-೪ ತನ್ನೊಳಗೆ ಗುಟ್ಟಾಗಿ ಮೆಮೊರಿಯನ್ನು ಪಡೆಯುವುದೇ ಇಲ್ಲ. ಯಾವ ತುಂಡು ಯಾವುದಕ್ಕೆ ವಿನಿಯೋಗವಾಗಬೇಕೆಂಬುದನ್ನು ಮೇಲಿನ ಪ್ರೋಗ್ರಾಮುಗಳು ಅಧಿಕಾರಪೂರ್ವಕವಾಗಿ ಹೇಳಬೇಕು. ಹೀಗೆ ಮೆಮೊರಿಯ ಹಂಚಿಕೆಯನ್ನೇ ನೀತಿಯನ್ನಾಗಿ ಮಾಡಿಕೊಂಡ ಕರ್ನೆಲನ್ನು, ಮೆಮೊರಿಯನ್ನು ಮರೆಮಾಡುವುದೇ ಗುಣವಾದ ಭಾಷೆಯಲ್ಲಿ ನಡೆಸಹೊರಟರೆ ವಸ್ತುವಿಗೂ ವಾಹನಕ್ಕೂ ವಿರೋಧ ತಪ್ಪದು.

ಹಾಗೆಂದು ಸೆಲ್-೪ ಆಕ್ಷೇಪಕ್ಕೆ ಅತೀತವಲ್ಲ. ಇಲ್ಲಿ ಹ್ಯಾಸ್ಕೆಲ್ ತನ್ನ ಪೂರ್ಣ ವೈಭವದಿಂದ ಬಂದಿಲ್ಲ. ಬೇಕಾದಾಗ ಮಾತ್ರ ಬೆಲೆ ಕಟ್ಟುವ ಅದರ ಪ್ರಸಿದ್ಧವಾದ ಆಲಸ್ಯಗುಣವನ್ನು ಅವಲಂಬಿಸದಂತೆ, ಇಸಬೆಲಿಗೆ ತರ್ಜುಮೆಯಾಗಬಲ್ಲ ಭಾಗವನ್ನಷ್ಟೇ ಉಪಯೋಗಿಸಿದ್ದಾರೆ. ವೆಚ್ಚವೂ ಕಡಿಮೆಯಲ್ಲ: ಸಾಧನೆಗೆ ಒಟ್ಟು ಸುಮಾರು ಇಪ್ಪತ್ತು ಆಳುವರ್ಷಗಳ ಶ್ರಮ ಸಂದಿದೆ, ಅದರಲ್ಲಿ ಈ ಕರ್ನೆಲಿಗೇ ಮೀಸಲಾದದ್ದು ಸುಮಾರು ಹನ್ನೊಂದು. ೨೦೦೯ರ ಸಾಧನೆ ಕಂಪೈಲರನ್ನೂ ಹಾರ್ಡ್‌ವೇರನ್ನೂ ನಂಬಿಕೊಂಡೇ ನಿಂತಿತ್ತು. ಕಂಪೈಲರಿನ ಮೇಲಿನ ಅವಲಂಬನೆಯನ್ನು ೨೦೧೩ರಲ್ಲಿ, ಯಂತ್ರಭಾಷೆಯ ಮಟ್ಟದವರೆಗೆ ಸಾಧನೆಯನ್ನು ಮುಂದುವರಿಸಿ, ನಿವಾರಿಸಿದರು. ಗಮನಿಸಬೇಕಾದುದೇನೆಂದರೆ, ಏನನ್ನು ನಂಬಿದ್ದೇವೆಂಬ ಪಟ್ಟಿಯನ್ನು ಅವರು ಬಚ್ಚಿಡಲಿಲ್ಲ.

ಅದೇ ೨೦೧೩ರಲ್ಲಿ ಕೇಂಬ್ರಿಜಿನ ವಿದ್ವಾಂಸರು ವಿವರಿಸಿದ 'ಮಿರಾಜ್' ಮೂರನೆಯ ದಾರಿಯನ್ನು ಹಿಡಿಯಿತು. ಜಾಲಸಂಪರ್ಕವೇ ಮೊದಲಾದವನ್ನು ಓಕ್ಯಾಮೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಬರೆದು, ಹಾರ್ಡ್‌ವೇರಿನ ಜಂಜಾಟವನ್ನು ಸಿ ಭಾಷೆಯ 'ಜೆನ್' ವ್ಯವಸ್ಥೆಗೆ ಬಿಟ್ಟಿತು. ಉಪಯುಕ್ತತೆಯಲ್ಲಿ ಸಂಶಯವಿಲ್ಲ, ಆದರೆ ಇಲ್ಲಿಯೂ ಅಡಿಪಾಯ ಬೇರೆಯವರದು. ಇನ್ನು ೨೦೨೨ರ ಡಿಸೆಂಬರಿನಲ್ಲಿ ಲಿನಕ್ಸ್ ಕರ್ನೆಲನ್ನು ಪ್ರವೇಶಿಸಿದ ರಸ್ಟ್ ಫಂಕ್ಷನಲ್ ಭಾಷೆಯೆನಿಸದಿದ್ದರೂ, ಬೆಲೆಗಳ ಆಕೃತಿಯನ್ನು ನೋಡಿ ಕವಲೊಡೆಯುವ ರೀತಿಯನ್ನು ಆ ಮನೆತನದಿಂದ ಪಡೆದು, ಗಾರ್ಬೇಜ್ ಕಲೆಕ್ಟರನ್ನು ಮಾತ್ರ ಹೊಸಿಲಿನಾಚೆಯೇ ನಿಲ್ಲಿಸಿದೆ.

ಈ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದಾಗ ಒಂದು ನಿರ್ಣಯ ಸಾಧ್ಯವಾಗುತ್ತದೆ. ಕರ್ನೆಲಿನ ಕ್ಷೇತ್ರದಲ್ಲಿ ಹ್ಯಾಸ್ಕೆಲಿನ ನಿಜವಾದ ಕೊಡುಗೆ ಕಟ್ಟಡದ ಕಲ್ಲಾಗಿ ಬಂದುದಕ್ಕಿಂತ ಕಟ್ಟುವ ಮೊದಲು ಎಳೆದ ನಕ್ಷೆಯಾಗಿ ಬಂದುದರಲ್ಲಿ ಹೆಚ್ಚಿನದು. ವಿನ್ಯಾಸಕಾರನಿಗೂ ಸಾಧಕನಿಗೂ ಸಮಾನವಾಗಿ ಅರ್ಥವಾಗುವ, ನಡೆಸಿ ಪರೀಕ್ಷಿಸಬಹುದಾದ ನಕ್ಷೆ ಅದು. ಮುಂದೆ ಯಾರಾದರೂ ಉನ್ನತ ಭಾಷೆಯಲ್ಲಿ ಕರ್ನೆಲ್ ರಚಿಸಿದೆವೆಂದು ಘೋಷಿಸಿದರೆ, ಅದರ ಕೆಳಗೆ ಉಳಿದುದೇನು, ಅದರ ಹೊಣೆ ಹೊತ್ತವರಾರು ಎಂಬೆರಡು ಪ್ರಶ್ನೆಗಳನ್ನು ಕೇಳುವುದು ವಿಮರ್ಶಕನ ಕರ್ತವ್ಯ. ಅವಕ್ಕೆ ಉತ್ತರ ದೊರೆತ ಮೇಲೆ ಭಾಷೆಯ ಚೆಲುವನ್ನು ಮೆಚ್ಚಲು ಸಾಕಷ್ಟು ಅವಕಾಶವಿದೆ.